ಹುಟ್ಟಿದ ಊರು: ಲೋಸ್ ಚಿಲೆಸ್

ಲಾ ಕಾರ್ಪಿಯೋ, ಸಾನ್ ಹೊಸೆ
೧೧ ಮಾರ್ಚ್ ೨೦೦೧

ಮಗಳೇ ಸ್ಕಾರ್ಲೆಟ್,

ನೀನು ಮನಾಗ್ವಾದ ಬಸ್ಸು ಹತ್ತಿ ಇಂದಿಗೆ ಐದು ದಿನ. ಗರಡಿಯ ಬಾಗಿಲನ್ನು ಈಗಲೂ ಬೆಳಗಿನ ಐದೂವರೆಗೇ ತೆರೆಯುತ್ತೇನೆ. ತೆರೆದ ಮೇಲೆ, ಬರಬೇಕಾದವಳು ಗಡಿಯಾಚೆ ಇದ್ದಾಳೆಂದು ನೆನಪಾಗಿ, ಗುದ್ದುವ ಚೀಲಗಳ ಧೂಳು ಒರೆಸುತ್ತ ಏಳು ಗಂಟೆಯಾಗುವುದನ್ನು ಕಾಯುತ್ತೇನೆ. ಚಿಕ್ಕವರು ಬರುವುದು ಏಳಕ್ಕೆ. ಪತ್ರಿಕೆಯಲ್ಲಿ ಬಂದ ನಿನ್ನ ಚಿತ್ರವನ್ನು ಗೋಡೆಗೆ ಅಂಟಿಸುವ ವಿಚಾರದಲ್ಲಿ ನಿನ್ನೆ ಅವರೊಳಗೆ ಜಗಳವೇ ಆಯಿತು. "ಗೆದ್ದ ಮೇಲೆ ಅಂಟಿಸೋಣ ಕಣೇ" ಎಂದಳು ಒಬ್ಬಳು. "ಅಲ್ಲೀವರೆಗೂ ಗೋಂದು ಒಣಗೋಗುತ್ತೆ, ಈಗ್ಲೇ ಅಂಟ್ಸು" ಎಂದಳು ಇನ್ನೊಬ್ಬಳು. ಗೋಂದಿನವಳೇ ಗೆದ್ದಳು.

ಹೀಗಾಗಿ ಆ ಗೋಡೆಯ ಮೇಲೆ ನೀನೀಗ ಹದಿನೈದನೆಯವಳು. ಉಳಿದ ಹದಿನಾಲ್ಕು ಚಾಂಪಿಯನ್ನರನ್ನು ಮತ್ತೊಮ್ಮೆ ನಿಂತು ನೋಡಿದೆ. ಯಾವ ಬಾವುಟವನ್ನು ಹೊದ್ದು ನಗುತ್ತಿದ್ದಾರೋ ಆ ನೆಲದಲ್ಲಿ ಅಜ್ಜ ಹುಟ್ಟಿದ್ದವರು ಅವರಲ್ಲಿ ಒಬ್ಬರೂ ಇಲ್ಲ. ಒಬ್ಬನ ಅಜ್ಜ ಪನಾಮ ಕಾಲುವೆ ಅಗೆಯಲು ಬಾರ್ಬಡೋಸಿನಿಂದ ಬಂದವನು. ಇನ್ನೊಬ್ಬನ ತಾಯಿ ಕಬ್ಬು ಕಡಿಯಲು ಹೈಟಿಯಿಂದ ಬಂದವಳು. ಊರಿಗೆ ಕೊನೆಯಲ್ಲಿ ಬಂದವರ ಮಕ್ಕಳೇ ರಿಂಗಿಗೆ ಮೊದಲು ಬರುತ್ತಾರೆ. ನಮ್ಮ ಕಸುಬಿನ ಕ್ರಮವೇ ಅದು.

ಪಂದ್ಯದಲ್ಲಿ ನಿನಗೆ ಎದುರಾಗುವ ಪನಾಮದ ಹುಡುಗಿ ಎಡಗೈಯವಳು. ನನ್ನ ಬಳಿ ಎಡಗೈಯವರಿಲ್ಲ. ಮನಾಗ್ವಾದ ದೋನ್ ಪೊರ್ಫಿರಿಯೋನ ಗರಡಿಯಲ್ಲಿ ಮೂವರಿದ್ದಾರೆ ಎಂಬ ಒಂದೇ ಕಾರಣಕ್ಕೆ ನಿನ್ನನ್ನು ನಾಲ್ಕು ತಿಂಗಳು ಬಿಟ್ಟುಕೊಟ್ಟಿದ್ದೇನೆ. ಅವರಿಂದ ಪೆಟ್ಟು ತಿನ್ನು, ಕಲಿ. ಜುಲೈ ಹದಿನಾಲ್ಕರ ಪಂದ್ಯಕ್ಕೆ ಒಂದು ವಾರ ಮೊದಲೇ ಬಂದು ನಿನ್ನ ಮೂಲೆಯಲ್ಲಿ, ನಿನ್ನ ಸ್ಟೂಲಿನ ಪಕ್ಕದಲ್ಲಿ ನಿಲ್ಲುತ್ತೇನೆ. ಅಲ್ಲಿಯವರೆಗೆ ಪತ್ರಿಕೆಯವರು ಬಂದರೆ ಎರಡು ವಾಕ್ಯಕ್ಕಿಂತ ಹೆಚ್ಚು ಮಾತು ಬೇಡ. ನಾನು ಹೇಳುವ ಮಾತು ನೆನಪಿರಲಿ: ಬಾಯಿ ಮುಚ್ಚು, ಕೈ ಮಾತಾಡಲಿ.

ನಿನ್ನ ತಾಯಿ ದೋನ್ಯಾ ಆರ್ಮಿಂದಾ ಚೆನ್ನಾಗಿದ್ದಾರೆ. ಮೂರು ಮನೆಗಳ ಬಟ್ಟೆ ಇಸ್ತ್ರಿ ಮಾಡಿ ಬಂದು, "ಕಾಗದ ಬಂತಾ?" ಎಂದು ಕೇಳಿ ಹೋಗುತ್ತಾರೆ. ಅವರಿಗೂ ಬರೆ.

ನಿನ್ನ ದಾರಿಯನ್ನೇ ನೋಡುವ,
ಎಗ್ಬರ್ಟ್ ಪಿನೊಕ್


ಮನಾಗ್ವಾ
೨೫ ಮಾರ್ಚ್ ೨೦೦೧

ಮೇಷ್ಟ್ರೇ,

ಎಡಗೈಯ ಮೂವರಲ್ಲಿ ಇಬ್ಬರು ನನ್ನ ಮೂಗಿನ ಪರಿಚಯ ಮಾಡಿಕೊಂಡಿದ್ದಾರೆ. ಮೂರನೆಯವಳ ಮೂಗಿನ ಪರಿಚಯ ನಾನು ಮಾಡಿಕೊಂಡೆ. ಚಿಂತೆ ಬೇಡ.

ಊಟಕ್ಕೆ ಪೊರ್ಫಿರಿಯೋ ಅವರ ಮನೆ. ಮೊದಲ ದಿನ ಅವರ ಹೆಂಡತಿ ಹುರುಳಿ ಬೆರೆಸಿ ಹುರಿದ ಅನ್ನ ಬಡಿಸುತ್ತಾ, "ತಿನ್ನಮ್ಮಾ ತಿನ್ನು. ನಿಮ್ ಕೋಸ್ಟಾರಿಕಾದ ಟೀಕೋಗಳು ನಮ್ಮಿಂದ ಕದ್ದಿದ್ದು ಇದನ್ನೇ" ಅಂದರು. ಎಲ್ಲರೂ ನಕ್ಕರು. ಸಾನ್ ಹೊಸೆಯ ಶಾಲೆಯಲ್ಲಿ ಇದೇ ಅನ್ನದ ಡಬ್ಬಿ ಬಿಚ್ಚಿದಾಗ "ನಿಮ್ ನಿಕರಾಗ್ವಾದ ನೀಕಾಗಳು ನಮ್ಮಿಂದ ಕದ್ದಿದ್ದು" ಅಂದಿದ್ದರು. ಎರಡು ಕಡೆಯೂ ಕಳ್ಳಿ ನಾನೇ.

ಈಗ ಮುಖ್ಯ ವಿಷಯ. ಪಂದ್ಯದ ಪರವಾನಗಿಗಾಗಿ ಇಲ್ಲಿನ ಬಾಕ್ಸಿಂಗ್ ಆಯೋಗಕ್ಕೆ ಹೋಗಿದ್ದೆ. ಗುಮಾಸ್ತ ನನ್ನ ಪಾಸ್‌ಪೋರ್ಟನ್ನೂ ನಮ್ಮ ಬಾಕ್ಸಿಂಗ್ ಸಂಘದ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ.

"ಏನಮ್ಮಾ ಇದು? ಪಾಸ್‌ಪೋರ್ಟಿನವಳು ನಿಕರಾಗ್ವಾದ ಸಾನ್ ಕಾರ್ಲೋಸಲ್ಲಿ ಹುಟ್ಟಿದಾಳೆ. ಕಾರ್ಡಿನವಳು ಕೋಸ್ಟಾರಿಕಾದ ಲೋಸ್ ಚಿಲೆಸಲ್ಲಿ ಹುಟ್ಟಿದಾಳೆ. ಎರಡೂ ಒಂದೇ ದಿನ. ನಿಮ್ಮಮ್ಮ ದೋಣಿಯಲ್ಲಿ ಹೆತ್ತಳಾ?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ಮಾತ್ರ ನಗಲಿಲ್ಲ. "ರಿಂಗಿಗೆ ಯಾರನ್ನ ಕಳಿಸ್ತೀಯ ಹೇಳು. ಇಬ್ರೂ ಬಂದ್ರೆ ಪನಾಮದವಳಿಗೆ ಅನ್ಯಾಯ" ಅಂದ.

ಕಾರ್ಡಿನಲ್ಲಿ ತಪ್ಪು ಬರೆದವರು ಯಾರೋ ಅವರೇ ಸಹಿ ಹಾಕಿ ಒಪ್ಪಿಕೊಂಡು ಪತ್ರ ಕಳಿಸಬೇಕಂತೆ. ಆಮೇಲೆ ನಾನು ಹೊಸ ಅರ್ಜಿ ತುಂಬಬೇಕಂತೆ. ಮೇ ಮೂವತ್ತೊಂದರೊಳಗೆ ಆಗದಿದ್ದರೆ ನನ್ನ ಜಾಗಕ್ಕೆ ಬೇರೆ ಹುಡುಗಿ. ಜೊತೆಗಿದ್ದ ಪೊರ್ಫಿರಿಯೋ ಹೊರಗೆ ಬಂದ ಮೇಲೆ, "ಇದಕ್ಯಾಕೆ ಇಷ್ಟು ತಲೆಬಿಸಿ? ಲೋಸ್ ಚಿಲೆಸಲ್ಲಿ ನನಗೊಬ್ಬ ಗೊತ್ತು. ನೀನು ಅಲ್ಲೇ ಹುಟ್ಟಿದೆ ಅಂತ ಸೀಲು ಹೊಡ್ಕೊಡ್ತಾನೆ" ಅಂದರು.

ಪತ್ರಿಕೆಗಳು ನನ್ನ ಹುಟ್ಟೂರು ಲೋಸ್ ಚಿಲೆಸ್ ಎಂದು ಬರೆದಾಗಲೆಲ್ಲ ಅವರ ಅಜ್ಞಾನ ಎಂದುಕೊಂಡಿದ್ದೆ. ನಮ್ಮ ಸಂಘದ ಯಾವ ಗುಮಾಸ್ತ ಹೀಗೆ ಬರೆದನೋ ವಿಚಾರಿಸಿ, ದಯವಿಟ್ಟು ಬೇಗ ಒಂದು ಪತ್ರ ಕೊಡಿಸಿ.

ಮೂಗು ಊದಿಕೊಂಡಿರುವ,
ಸ್ಕಾರ್ಲೆಟ್


ಲಾ ಕಾರ್ಪಿಯೋ
೬ ಏಪ್ರಿಲ್ ೨೦೦೧

ಮಗಳೇ,

ಸಂಘದ ಗುಮಾಸ್ತನನ್ನು ವಿಚಾರಿಸುವ ಅಗತ್ಯವಿಲ್ಲ. ಬರೆದವನು ನಾನು.

೧೯೯೬ರ ನವೆಂಬರ್. ನಿನಗೆ ಹದಿನೈದು. ಹಿಂದಿನ ವಾರವಷ್ಟೇ ನಿನ್ನ ಮೊದಲ ಸ್ನೇಹಪಂದ್ಯ ನಡೆದಿತ್ತು. ನೀನು ಗೆದ್ದೆ, ಆದರೆ ಜನ "ನೀಕಾ, ನದಿ ದಾಟಿ ವಾಪಸ್ ಹೋಗು" ಎಂದು ಕೊನೆಯ ಸುತ್ತಿನವರೆಗೂ ಕೂಗಿದರು. ಬಸ್ಸಿನಲ್ಲಿ ಹಿಂದಿರುಗುವಾಗ ನೀನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ನೋವಾಯಿತೇ ಎಂದು ಕೇಳಿದ್ದಕ್ಕೆ "ಪಕ್ಕೆ ಸ್ವಲ್ಪ" ಎಂದೆ. ಆ ಹುಡುಗಿ ನಿನ್ನ ಪಕ್ಕೆಗೆ ಒಂದು ಗುದ್ದನ್ನೂ ಹೊಡೆದಿರಲಿಲ್ಲ.

ಮರುವಾರ ನೋಂದಣಿಯ ಅರ್ಜಿ ಬಂದಿತು. ನೀನು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದುದರಿಂದ ನಾನೇ ತುಂಬಿದೆ. ಹುಟ್ಟಿದ ಊರು ಎಂಬಲ್ಲಿ ಪೆನ್ನು ನಿಂತಿತು. ಸಾನ್ ಕಾರ್ಲೋಸಿನಿಂದ ಲೋಸ್ ಚಿಲೆಸ್‌ಗೆ ದೋಣಿಯಲ್ಲಿ ಎರಡು ಗಂಟೆಯ ಹಾದಿ. ಆ ಎರಡು ಗಂಟೆಯನ್ನು ನಾನು ಪೆನ್ನಿನಿಂದ ದಾಟಿಸಿಬಿಟ್ಟೆ. ನೀನು ಓದದೆ ಸಹಿ ಹಾಕಿದೆ. ನಾನು ಕೊಟ್ಟ ಕಾಗದವನ್ನು ನೀನು ಓದುವವಳಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ತಪ್ಪಿನಲ್ಲಿ ಎಲ್ಲಕ್ಕಿಂತ ಭಾರವಾದ ಭಾಗ ಅದೇ.

ಈಗ ನಾನು ಯಾರಿಗೂ ಹೇಳದ ಒಂದು ಸಂಗತಿ. ನನ್ನ ಅಜ್ಜ ರೈಲುಹಳಿ ಹಾಕಲು ಜಮೈಕಾದಿಂದ ಈ ದೇಶದ ಲಿಮೋನ್ ಬಂದರಿಗೆ ಬಂದವನು. ನನ್ನ ಅಪ್ಪ ಲಿಮೋನಿನಲ್ಲಿ ಹುಟ್ಟಿದ, ನಾನೂ ಅಲ್ಲೇ ಹುಟ್ಟಿದೆ. ಆದರೂ ಹುಟ್ಟಿದಾಗ ನನಗೆ ದೇಶವಿರಲಿಲ್ಲ; ಜಮೈಕಾದವರ ಮೊಮ್ಮಕ್ಕಳಿಗೂ ಆಗ ಪೌರತ್ವ ಕೊಡುತ್ತಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಕಾನೂನು ಬದಲಾದ ಮೇಲೆ ಈ ದೇಶದವನಾದೆ. ಎರಡು ವರ್ಷದ ನಂತರ ರಾಜಧಾನಿಯಲ್ಲಿ ನನ್ನ ಮೊದಲ ದೊಡ್ಡ ಪಂದ್ಯ. ಹೊಸ ಅಂಗಿ ಹಾಕಿ, ರಾಷ್ಟ್ರಗೀತೆಯನ್ನು ಒಂದಕ್ಷರ ತಪ್ಪದೆ ಕಲಿತು ಬಂದಿದ್ದೆ. ಘೋಷಕ ಮೈಕ್ ಹಿಡಿದು "ಜಮೈಕಾದಿಂದ ಬಂದ ಎಗ್ಬರ್ಟ್ ಪಿನೊಕ್" ಎಂದ. ನಾನು ಹಗ್ಗದ ಮೇಲೆ ಬಗ್ಗಿ, "ಸ್ವಾಮಿ, ನಾನು ಲಿಮೋನಿನವನು" ಎಂದೆ. ನನ್ನ ಮ್ಯಾನೇಜರ್ ತೋಳು ಹಿಡಿದೆಳೆದು, "ಸುಮ್ನಿರೋ. ಜಮೈಕಾದವನು ಅಂದ್ರೇನೇ ಜನ ಬೈಯಕ್ಕೆ ಬರೋದು" ಎಂದ. ಬಂದರು, ಬೈದರು. ಹಡಗು ಹತ್ತು ಎಂದರು. ನಾನು ಆವರೆಗೆ ಜಮೈಕಾವನ್ನು ನೋಡಿರಲಿಲ್ಲ, ಈಗಲೂ ನೋಡಿಲ್ಲ.

ನಾನು ಹುಟ್ಟದ ಊರಿನಲ್ಲಿ ನನ್ನನ್ನು ಹುಟ್ಟಿಸಿದ ಆ ಘೋಷಕನನ್ನು ಐವತ್ತು ವರ್ಷ ಮನಸ್ಸಿನಲ್ಲೇ ಬೈದೆ. ನಿನ್ನ ವಿಷಯದಲ್ಲಿ ಮಾಡಿದ್ದೂ ಅದನ್ನೇ. ಅವನು ಹೊರಗೆ ಹಾಕಲು ಮಾಡಿದ, ನಾನು ಒಳಗೆ ಸೇರಿಸಲು ಮಾಡಿದೆ ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ನಿನ್ನ ಪತ್ರ ಓದಿದ ಮೇಲೆ ಆ ಸಮಾಧಾನ ಉಳಿದಿಲ್ಲ.

ಆಯೋಗ ಕೇಳಿದ ತಪ್ಪೊಪ್ಪಿಗೆಯನ್ನು ಬರೆದು, ಒಂದು ಪ್ರತಿಯನ್ನು ನಮ್ಮ ಸಂಘಕ್ಕೂ ಕೊಟ್ಟು, ಈ ಪತ್ರ ತರುವ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ. ಸಂಘ ನನ್ನನ್ನು ಅಮಾನತು ಮಾಡುವುದು ಖಚಿತ; ಜುಲೈ ಹದಿನಾಲ್ಕರಂದು ನಿನ್ನ ಮೂಲೆಯಲ್ಲಿ ನಾನಿರುವುದಿಲ್ಲ. ನನ್ನನ್ನು ಉಳಿಸಲೆಂದು ಪೊರ್ಫಿರಿಯೋ ಹೇಳಿದ ಸೀಲನ್ನು ಹೊಡೆಸಬೇಡ. ಒಂದು ಸುಳ್ಳಿಗೆ ನಿನ್ನ ಕೈಯಲ್ಲಿ ಓದಿಸದೆ ಸಹಿ ಹಾಕಿಸಿದೆ. ಎರಡನೆಯದಕ್ಕೆ ನೀನು ಓದಿಯೇ ಸಹಿ ಹಾಕಿದಂತಾಗುತ್ತದೆ.

ಕ್ಷಮೆಯನ್ನು ಕೇಳುತ್ತಿಲ್ಲ. ತರಬೇತಿ ನಿಲ್ಲಿಸಬೇಡ ಎಂದಷ್ಟೇ ಕೇಳುತ್ತಿದ್ದೇನೆ.

ಎಗ್ಬರ್ಟ್


ಲಾ ಕಾರ್ಪಿಯೋ
೪ ಮೇ ೨೦೦೧

ಸ್ಕಾರ್ಲೆಟ್,

ನಾಲ್ಕು ವಾರದಿಂದ ಬಸ್ಸಿನವನು ಬರಿಗೈಯಲ್ಲಿ ಬರುತ್ತಿದ್ದಾನೆ. ನಾನು ಕೇಳುವುದನ್ನು ಬಿಟ್ಟಿದ್ದೇನೆ. ಅವನೇ ದೂರದಿಂದ ತಲೆಯಾಡಿಸಿಬಿಡುತ್ತಾನೆ.

ಸಂಘ ಒಂದು ವರ್ಷದ ಅಮಾನತು ಕೊಟ್ಟಿದೆ. ಸಭೆಯಲ್ಲಿ ಒಬ್ಬರು, "ಒಂದು ಮಗೂಗೆ ಒಳ್ಳೇದಾಗ್ಲಿ ಅಂತ ಮಾಡಿದೀರಿ, ಹಾಗಂತ ಬರ್ಕೊಡಿ, ಆರು ತಿಂಗಳಿಗೆ ಇಳಿಸ್ತೀವಿ" ಎಂದರು. ಬರೆದುಕೊಡಲಿಲ್ಲ. ಆ ವಾಕ್ಯವನ್ನು ಬರೆಯುವ ಹಕ್ಕು ನಿನಗಿದೆ, ನನಗಿಲ್ಲ.

ನಿನ್ನ ತಾಯಿಗೆ ಎಲ್ಲವನ್ನೂ ಹೇಳಿದೆ. ಮರುದಿನ ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಜೋಳದ ಕಡುಬು ತಂದು, ಬಾಗಿಲಲ್ಲೇ ಇಟ್ಟು ಹೋದರು. ಅದು ಕೋಪವೋ ಕರುಣೆಯೋ ತಿಳಿಯಲಿಲ್ಲ. ತಿಂದೆ.

ಹಗ್ಗ ಜಿಗಿಯುವುದನ್ನು ಬಿಡಬೇಡ. ಎಡಗೈಯವಳ ಮುಂದಿಟ್ಟ ಕಾಲಿನ ಹೊರಬದಿಗೆ ನಿನ್ನ ಕಾಲು ಇರಲಿ.

ಎಗ್ಬರ್ಟ್ ಪಿನೊಕ್


ಸಾನ್ ಕಾರ್ಲೋಸ್
೨೭ ಮೇ ೨೦೦೧

ದೋನ್ ಎಗ್ಬರ್ಟ್ ಅವರಿಗೆ,

ನಿಮ್ಮ ಏಪ್ರಿಲ್ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಏಳು ವಾರ ಚೀಲಕ್ಕೆ ಗುದ್ದಿದೆ. ಹೊಸ ಅರ್ಜಿ ತುಂಬುವ ಮೊದಲು ಒಮ್ಮೆ ಇಲ್ಲಿಗೆ ಬರಬೇಕು ಅನ್ನಿಸಿತು. ಬಂದೆ. ಆರು ವರ್ಷದವಳಾಗಿದ್ದಾಗ ಯುದ್ಧಕ್ಕೆ ಹೆದರಿ ಅಮ್ಮ ನನ್ನನ್ನು ಎತ್ತಿಕೊಂಡು ದೋಣಿ ಹತ್ತಿದ ಕಟ್ಟೆಯ ಪಕ್ಕದಲ್ಲೇ ಅಜ್ಜಿ ತೊಮಾಸಾಳ ಹುರಿದ ಮೀನಿನ ಅಂಗಡಿ. ಹದಿನಾಲ್ಕು ವರ್ಷದ ಮೇಲೆ ಅವಳ ಮುಂದೆ ನಿಂತು ನಮಸ್ಕಾರ ಅಂದೆ. ಅವಳು ಬಾಣಲೆಯಿಂದ ತಲೆ ಎತ್ತದೆ ಕೇಳಿದಳು: "ಬಾಮ್ಮಾ ಟೀಕಾ, ಎಷ್ಟು ಮೀನು ಬೇಕು?"

ಒಂದೇ ಮಾತಿಗೆ ನಾನು ಹೊರಗಿನವಳೆಂದು ಗುರುತಿಸಿದಳು. ಆ ಮಾತನ್ನು ಕಲಿಸಿದವರು ನೀವು. ಕನ್ನಡಿ ಮುಂದೆ ನಿಲ್ಲಿಸಿ, ಇಲ್ಲಿಯವರಂತೆ ಪದದ ಬಾಲ ನುಂಗಬೇಡ ಎಂದು ತಿದ್ದಿದಿರಿ. ತಿದ್ದಲಾಗದ ದಿನ "ಬಾಯಿ ಮುಚ್ಚು, ಕೈ ಮಾತಾಡಲಿ" ಅಂದಿರಿ. ಅದು ಬಾಕ್ಸಿಂಗಿನ ಪಾಠ ಎಂದು ನಂಬಿದ್ದೆ.

ನಾನು ಯಾರೆಂದು ಹೇಳಿದ ಮೇಲೆ ಅವಳು ಅತ್ತದ್ದು, ನನ್ನ ಊದಿದ ಮೂಗು ನೋಡಿ ಮತ್ತೆ ಅತ್ತದ್ದು, ಆಮೇಲೆ ನಾಲ್ಕು ಮೀನು ತಿನ್ನಿಸಿದ್ದು, ಇದನ್ನೆಲ್ಲ ಬರೆಯುವುದಿಲ್ಲ.

ಬರೆಯಬೇಕಾದ್ದು ಇದು. ಅಮ್ಮ ಕಳಿಸಿದ ಪತ್ರಿಕೆಯ ತುಣುಕುಗಳನ್ನೆಲ್ಲ ಅವಳು ಅಂಗಡಿಯ ಹಲಗೆಗೆ ಮೊಳೆ ಹೊಡೆದಿದ್ದಾಳೆ. ಹನ್ನೊಂದು ಚಿತ್ರ. ಪ್ರತಿಯೊಂದರಲ್ಲೂ ಬರಹದ ನಡುವೆ ಬೆರಳಗಲದ ಒಂದು ತೂತು, ಹಲಗೆ ಕಾಣುತ್ತದೆ.

"ಇದೇನೇ ಕೂಸೇ, ಎಲ್ಲಾ ಪೇಪರಿಗೂ ಕಿಟಕಿ? ಇಲಿ ತಿಂದಿದೆ ಅಂತ ನಿಮ್ಮಮ್ಮ ಬರೆದಿದ್ಲು. ಸಾನ್ ಹೊಸೆ ಇಲಿ ಕತ್ತರಿ ಇಟ್ಕೊಂಡು ತಿನ್ನುತ್ತಾ?"

ಅಜ್ಜಿಗೆ ಓದು ಬರದು. ಆದರೆ ಗಿರಾಕಿಗಳಿಗೆ ಬರುತ್ತದೆ. ಅವರು ಓದಿ ಹೇಳುತ್ತಾರೆಂದು ಅಮ್ಮ ಹನ್ನೊಂದು ಸಲ "ಲೋಸ್ ಚಿಲೆಸ್‌ನಲ್ಲಿ ಹುಟ್ಟಿದ" ಎಂಬುದನ್ನು ಕತ್ತರಿಸಿ ತೆಗೆದಿದ್ದಾಳೆ. ಅಮ್ಮನಿಗೆ ಮೊದಲಿಂದಲೂ ಗೊತ್ತಿತ್ತು, ದೋನ್ ಎಗ್ಬರ್ಟ್. ನೀವು ಹೇಳುವ ಮುಂಚೆಯೇ.

ತೂತಿನಲ್ಲಿ ಏನಿತ್ತೆಂದು ಅಜ್ಜಿಗೆ ಹೇಳಿದೆ. ಅವಳು ಮೀನು ಮಗುಚಿ ಹಾಕಿದಳು. ಆಮೇಲೆ ಹೇಳಿದಳು: "ನೀನ್ ಹುಟ್ಟಿದ ದಿನ ಸರೋವರದಲ್ಲಿ ಗಾಳಿ. ಸೂಲಗಿತ್ತಿ ದೋಣಿ ಬರ್ಲೇ ಇಲ್ಲ. ನಿನ್ ಹೊಕ್ಕಳಬಳ್ಳಿ ನಾನೇ ಕತ್ತರಿಸಿದ್ದು, ಮೀನು ಕುಯ್ಯೋ ಚಾಕಲ್ಲಿ. ಆ ನಿಮ್ ಮುದುಕ ಎಲ್ಲಿದ್ನಂತೆ?"

ಉತ್ತರ ನಿಮ್ಮ ಬಳಿ ಇದ್ದರೆ ಅವಳಿಗೇ ಬರೆಯಿರಿ.

ನೀವು ಪೆನ್ನಿನಿಂದ ಮಾಡಿದಿರಿ, ಅಮ್ಮ ಕತ್ತರಿಯಿಂದ ಮಾಡಿದಳು. ಇಬ್ಬರೂ ನನಗಾಗಿ. ಒಬ್ಬರ ಮೇಲೆ ಮಾತ್ರ ಕೋಪ ಮಾಡಿಕೊಳ್ಳಲು ಆಗುತ್ತಿಲ್ಲ. ಇಬ್ಬರ ಮೇಲೂ ಮಾಡಿಕೊಳ್ಳುವಷ್ಟು ಕೋಪ ನನ್ನಲ್ಲಿಲ್ಲ.

ಅರ್ಜಿಯನ್ನು ಇಲ್ಲೇ, ಅಂಗಡಿಯ ಬೆಂಚಿನ ಮೇಲೆ ತುಂಬಿದೆ. ಹುಟ್ಟಿದ ಊರು ಸಾನ್ ಕಾರ್ಲೋಸ್. ಯಾವ ದೇಶದ ಪರ ಎಂಬಲ್ಲಿ ಕೋಸ್ಟಾರಿಕಾ. ಪೊರ್ಫಿರಿಯೋಗೆ ಫೋನು ಮಾಡಿದರೆ ಅವರು ಕೂಗಾಡಿದರು. "ಹುಚ್ಚೀ, ಎರಡನೇದು ಬದಲಾಯ್ಸು! ಒಂದು ಪದ! ಇಡೀ ಮನಾಗ್ವಾ ನಿನ್ನ ಹೆಗಲ ಮೇಲೆ ಹೊರುತ್ತೆ. ಇಲ್ದಿದ್ರೆ ಇಲ್ಲಿ ದೇಶ ಮಾರಿದವಳು ಅಂತಾರೆ, ಅಲ್ಲಿ ನೀಕಾ ಅಂತಾರೆ, ಎರಡೂ ಕಡೆ ಉಗಿಸ್ಕೊಳ್ತೀಯ."

"ಒಂದು ಪದ ಬದಲಾಯಿಸಿದ್ರೆ ಏನಾಗುತ್ತೆ ಅಂತ ನೋಡಿದೀನಿ ದೋನ್" ಅಂದೆ.

ನನ್ನ ಮೂಲೆಯಲ್ಲಿ ನಿಲ್ಲುವ ಇಬ್ಬರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಏಳನೆಯ ಸುತ್ತಿನ ನಂತರ ನನ್ನ ಕೈ ಕೆಳಗಿಳಿಯುತ್ತದೆ, ಆಗ ನೀವೇನೋ ಹೇಳುತ್ತಿದ್ದಿರಿ. ಏನು ಹೇಳುತ್ತಿದ್ದಿರಿ, ಮೇಷ್ಟ್ರೇ? ಬರೆದು ಕಳಿಸಿ.

ಸ್ಕಾರ್ಲೆಟ್ ಉರೋಸ್


ಲಾ ಕಾರ್ಪಿಯೋ
೯ ಜೂನ್ ೨೦೦೧

ಮಗಳೇ,

ನಿನ್ನ ಅಜ್ಜಿಗೆ ಬೇರೆ ಪತ್ರ ಬರೆದಿದ್ದೇನೆ. ನೀನೇ ಓದಿ ಹೇಳು. ಅವರ ಪ್ರಶ್ನೆಗೆ ಉತ್ತರ ಒಂದೇ ಸಾಲು: ಆ ದಿನ ನಾನು ಅಲ್ಲಿರಲಿಲ್ಲ, ಹಾಗಾಗಿ ಬರೆಯುವ ಹಕ್ಕೂ ನನಗಿರಲಿಲ್ಲ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ನಿನ್ನದರಂತೆಯೇ ನಾನು ಬರೆದ, ಗರಡಿಯ ಬೇರೆ ಮಕ್ಕಳ ಕಾರ್ಡುಗಳು ಇನ್ನೂ ಏಳು ಇದ್ದವು. ಕಳೆದ ವಾರ ಒಂದೊಂದು ಮನೆಗೂ ಹೋಗಿ, ತಾಯಂದಿರ ಎದುರು ಕುಳಿತು, ಹೊಸ ಅರ್ಜಿಯಲ್ಲಿ ಊರಿನ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ ಬರೆಸಿದೆ. ಒಬ್ಬಳು ಮಾತ್ರ, "ಬೇಡಿ ದೋನ್, ನನ್ ಮಗಳು ಇನ್ನೂ ಚಿಕ್ಕೋಳು. ಇದೊಂದು ವರ್ಷ ಹಾಗೇ ಇರ್ಲಿ" ಎಂದು ಕೈ ಮುಗಿದಳು. ಆ ತಾಯಿಯ ಹೆದರಿಕೆ ಸುಳ್ಳಲ್ಲ. ಅವಳ ಅರ್ಜಿಯನ್ನು ಮಡಚಿಕೊಂಡು ಎದ್ದು ಬಂದೆ. ಆ ಅರ್ಜಿ ಇನ್ನೂ ನನ್ನ ಮೇಜಿನ ಮೇಲಿದೆ.

ಏಳನೆಯ ಸುತ್ತಿನ ನಂತರ ನಾನು ಹೇಳುತ್ತಿದ್ದುದು ಏನೂ ಇಲ್ಲ. ಕತ್ತಿನ ಹಿಂದೆ ಒದ್ದೆ ಬಟ್ಟೆ ಇಟ್ಟು ತುಟಿ ಅಲುಗಿಸುತ್ತಿದ್ದೆ, ಅಷ್ಟೇ. ನೀನೇ ಏನನ್ನೋ ಕೇಳಿಸಿಕೊಂಡು ಎದ್ದು ಹೋಗುತ್ತಿದ್ದೆ. ಹಾಗಾಗಿ ಆ ಇಬ್ಬರಿಗೆ ಇಷ್ಟೇ ಹೇಳು: ಬಟ್ಟೆ ತಣ್ಣಗಿರಲಿ, ಮಾತು ಬೇಡ.

ಜನ ಹೀಯಾಳಿಸಿ ಶಿಳ್ಳೆ ಹೊಡೆಯುತ್ತಾರೆ. ಬಾಯಿ ಮುಚ್ಚು ಎಂದು ಇನ್ನು ಹೇಳುವುದಿಲ್ಲ. ರಾಷ್ಟ್ರಗೀತೆ ಬಂದಾಗ ಗಟ್ಟಿಯಾಗಿ ಹಾಡು.

ನಿನ್ನ ಮೇಷ್ಟ್ರು


ಮನಾಗ್ವಾ
೧೫ ಜುಲೈ ೨೦೦೧

ಮೇಷ್ಟ್ರೇ,

ಫಲಿತಾಂಶವನ್ನು ರೇಡಿಯೋದಲ್ಲಿ ಕೇಳಿರುತ್ತೀರಿ. ಒಬ್ಬ ತೀರ್ಪುಗಾರ ನನಗೆ ಕೊಟ್ಟ, ಒಬ್ಬ ಅವಳಿಗೆ ಕೊಟ್ಟ, ಮೂರನೆಯವನು ಇಬ್ಬರಿಗೂ ಸಮ ಹಾಕಿದ. ಬೆಲ್ಟು ಯಾರಿಗೂ ಇಲ್ಲ. ಡಿಸೆಂಬರಿನಲ್ಲಿ ಪನಾಮದಲ್ಲಿ ಮತ್ತೆ ಹೊಡೆದಾಡಬೇಕು. ಅಜ್ಜಿ ಆ ಮೂರನೆಯವನನ್ನು ಹುಡುಕಿಕೊಂಡು ಹೊರಟಿದ್ದಳು, ಪೊರ್ಫಿರಿಯೋ ಹಿಡಿದು ಕೂರಿಸಿದರು.

ರೇಡಿಯೋದಲ್ಲಿ ಬಾರದ್ದನ್ನು ಹೇಳುತ್ತೇನೆ. ಮೊದಲು ಇಲ್ಲಿಯ ಗೀತೆ ನುಡಿಸಿದರು. ನನಗೆ ಅರ್ಧ ಮಾತ್ರ ಗೊತ್ತು, ಆರನೆಯ ವಯಸ್ಸಿನವರೆಗಿನ ಅರ್ಧ. ಉಳಿದದ್ದಕ್ಕೆ ಮೂರನೆಯ ಸಾಲಿನಲ್ಲಿದ್ದ ಅಜ್ಜಿಯ ಬಾಯಿ ನೋಡಿಕೊಂಡು ಹಾಡಿದೆ. ಆಮೇಲೆ ಪನಾಮದ್ದು. ಕೊನೆಗೆ ನಮ್ಮದು. ಶಿಳ್ಳೆ ಶುರುವಾಯಿತು. "ದೇಶ ಮಾರಿದವಳು" ಎಂದು ಯಾರೋ ಕೂಗಿದ. ಗಟ್ಟಿಯಾಗಿ ಹಾಡಿದೆ. ಶಿಳ್ಳೆಯಲ್ಲಿ ನನಗೇ ಕೇಳಿಸಲಿಲ್ಲ, ಆದರೆ ಒಂದು ಸಾಲೂ ಬಿಡಲಿಲ್ಲ.

ಎಂಟನೆಯ ಸುತ್ತಿನಲ್ಲಿ ಮೂಗಿನಿಂದ ರಕ್ತ ಬಂತು. ಸಭೆಯೆಲ್ಲ ಒಂದು ಕ್ಷಣ ಸುಮ್ಮನಾದಾಗ ಅಜ್ಜಿಯ ದನಿ: "ಏ ಕೂಸೇ, ಮೂಗು ಒರೆಸ್ಕೋ! ಎಲ್ರೂ ನೋಡ್ತಿದಾರೆ!" ಇಡೀ ಸಭಾಂಗಣ ನಕ್ಕಿತು. ಪನಾಮದ ಹುಡುಗಿಯೂ ನಕ್ಕಳು. ಆಮೇಲೆ ಶಿಳ್ಳೆ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ, ಕಡಿಮೆಯಾಯಿತು.

ಒಂದು ವಾರ ಅಜ್ಜಿಯ ಅಂಗಡಿಯಲ್ಲಿದ್ದು ಬರುತ್ತೇನೆ. ಅಮ್ಮ ಹೇಗಿದ್ದಾಳೆ? ಅವಳಿಗೆ ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ಅರ್ಜಿಯಲ್ಲಿ ಬರೆದದ್ದಕ್ಕೆ ನನ್ನ ಮೇಲೆ ಬೇಸರವೇ?

ನಿಮ್ಮ
ಸ್ಕಾರ್ಲೆಟ್


ಲಾ ಕಾರ್ಪಿಯೋ
೧೯ ಜುಲೈ ೨೦೦೧

ಮಗಳೇ,

ನಿನ್ನ ಪ್ರಶ್ನೆಗೆ ನಾನು ಅಭಿಪ್ರಾಯ ಹೇಳುವುದಿಲ್ಲ. ನೋಡಿದ್ದನ್ನು ಬರೆಯುತ್ತೇನೆ.

ಪಂದ್ಯವನ್ನು ಕೇಳಲು ದೋನ್ಯಾ ಆರ್ಮಿಂದಾ ನನ್ನನ್ನು ಮನೆಗೇ ಕರೆದಿದ್ದರು. ಅವರು ನಿಂತು ಇಸ್ತ್ರಿ ಮಾಡುತ್ತಿದ್ದರು, ನಾನು ರೇಡಿಯೋದ ಪಕ್ಕ ಕುಳಿತಿದ್ದೆ. ನಿಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ತಗಡು. ಪಕ್ಕದವರು ಈ ದೇಶದವರು. ಪತ್ರಿಕೆ ಓದಿದಂದಿನಿಂದ ನಿಮ್ಮನ್ನು ಲೋಸ್ ಚಿಲೆಸ್‌ನವರೆಂದೇ ತಿಳಿದಿದ್ದಾರೆ. ನಿನ್ನ ತಾಯಿ ಒಮ್ಮೆಯೂ ತಿದ್ದಿರಲಿಲ್ಲ. ಆ ತಗಡಿನಾಚೆಯೂ ಅದೇ ಪಂದ್ಯ ಕೇಳಲು ಜನ ಸೇರಿದ್ದರು. ಅವರ ರೇಡಿಯೋ ಕೆಟ್ಟಿದ್ದುದರಿಂದ, "ಆರ್ಮಿಂದಾ, ನಿಮ್ಮದೇ ಕೇಳಿಸ್ಕೋತೀವಿ" ಎಂದಿದ್ದರು.

ಘೋಷಕ ನಿನ್ನ ತೂಕ ಹೇಳಿದ. ಮುಂದಿನದು ಊರು ಎಂದು ನನಗೆ ಗೊತ್ತಿತ್ತು. ಐದು ವರ್ಷದ ಅಭ್ಯಾಸ ನೋಡು. ನನ್ನ ಕೈ ತಾನಾಗಿಯೇ ರೇಡಿಯೋದ ಗುಂಡಿಯ ಮೇಲೆ ಹೋಯಿತು, ಸದ್ದು ತಗ್ಗಿಸಲು.

ನಿನ್ನ ತಾಯಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಬಂದು ನನ್ನ ಮಣಿಕಟ್ಟನ್ನು ಹಿಡಿದರು.

"ಬಿಡಿ ದೋನ್ ಎಗ್ಬರ್ಟ್. ಜಾಸ್ತಿ ಮಾಡಿ."

ಜಾಸ್ತಿ ಮಾಡಿದೆ.

ಎಗ್ಬರ್ಟ್